ತೆರಿಯುದಾ, ಅತ್ತೆ?

ಅಕ್ಟೋಬರ್ 7, ಸೋಮವಾರ

ಇವತ್ತು ನೀರಿನ ಟ್ಯಾಂಕರೊಂದು ನನ್ನ ಮೊಣಕೈ ಸವರಿಕೊಂಡು ಹೋಯಿತು. ಚೆನ್ನೈನ ಪೆರುಂಗುಡಿಯ ಆಫೀಸಿನಿಂದ ಮನೆಗೆ ಬರುವ ಸರ್ವಿಸ್ ರಸ್ತೆ, ಆಗಷ್ಟೇ ಕತ್ತಲಾಗಿತ್ತು, ಪಕ್ಕದಲ್ಲಿ ಮೆಟ್ರೋದವರು ಅಗೆದ ಗುಂಡಿ. ನಾನೂ ಸೈಕಲ್ಲೂ ಒಟ್ಟಿಗೆ ಹೋಗಿ ತಗಡಿನ ಬೇಲಿಯನ್ನು ತಬ್ಬಿಕೊಂಡೆವು. ಚಾಲಕ ಕಿಟಕಿಯಿಂದ ತಲೆ ಹಾಕಿ, "ತೆರಿಯಲೇ ಮಾ!" ಎಂದು ಹೇಳಿ ಹೊರಟುಹೋದ. ಕಾಣಲಿಲ್ಲವಂತೆ. ತಮಿಳಿನಲ್ಲಿ ತೆರಿಯುವುದು ಅಂದರೆ ಕಾಣುವುದು. ಇಷ್ಟು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಕಾಣಲಿಲ್ಲವಂತೆ! ಎಪ್ಪತ್ತೆರಡು ಕಿಲೋ ಹೆಂಗಸು, ಹಳದಿ ಚೂಡಿದಾರ್, ಗುಲಾಬಿ ಬಣ್ಣದ ಸೈಕಲ್ಲು. ಇದಕ್ಕಿಂತ ಹೆಚ್ಚು ಕಾಣಲು ನಾನೇನು ಮದುವೆ ಚೌಲ್ಟ್ರಿಯೇ?

ಈ ಸೈಕಲ್ಲು ಆಫೀಸಿನ ಆರೋಗ್ಯ ಸಪ್ತಾಹದ ಅದೃಷ್ಟ ಚೀಟಿಯಲ್ಲಿ ಬಂದದ್ದು. ಸ್ಕೂಟರನ್ನು ಗಂಡ ಸುರೇಶ ಎಣ್ಣೂರಿಗೆ ಒಯ್ದಿದ್ದಾನೆ. ಅಲ್ಲಿ ವಿದ್ಯುತ್ ಸ್ಥಾವರದಲ್ಲಿ ಕೆಲಸ, ವಾರವೆಲ್ಲ ಗೆಸ್ಟ್ ಹೌಸಿನಲ್ಲಿ ವಾಸ, ಶನಿವಾರ ಮನೆಗೆ. ಹೋಗುವಾಗ ಸ್ಕೂಟರ್ ತೆಗೆದುಕೊಂಡು ಹೋದ, ತಾಯಿಯನ್ನು ಬಿಟ್ಟು ಹೋದ.

ತಾಯಿ ಅಂದರೆ ನನ್ನ ಅತ್ತೆ, ಬೋರಮ್ಮ, ಮಳವಳ್ಳಿ ಕಡೆಯವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಕಣ್ಣಿನೊಳಗೇ ಇಂಜೆಕ್ಷನ್ ಕೊಡಿಸಲು ಚೆನ್ನೈಗೆ ಕರೆತಂದದ್ದು. ಸಂಜೆಯಾದರೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಸಿಐಡಿ ಕೆಲಸ ಶುರು. ಸೊಸೆ ಎಷ್ಟು ಹೊತ್ತಿಗೆ ಬಂದಳು, ಯಾಕೆ ತಡ, ಎಲ್ಲ ಲೆಕ್ಕ ಅವರಲ್ಲಿದೆ. ಮೇಲೆ ಹೋದರೆ ಬಾಗಿಲಿಗೆ ಎರಡೆರಡು ಚಿಲಕ.

"ಯಾರು?"

"ನಿಮ್ಮ ಸೊಸೆ, ಅತ್ತೆ."

"ಯಾವ್ ಸೊಸೆ?"

ಇನ್ನೊಬ್ಬ ಸೊಸೆ, ನನ್ನ ಓರಗಿತ್ತಿ, ಮಳವಳ್ಳಿಯಲ್ಲಿದ್ದಾಳೆ. ರಾತ್ರಿ ಊಟಕ್ಕೆ ಮುಂಚೆ ಚೆನ್ನೈಗೆ ಬಂದು ಬೆಲ್ ಒತ್ತುವವಳಲ್ಲ. ಚಿಕಿತ್ಸೆ ಮುಗಿಯಲಿ, ಮಾರನೇ ದಿನವೇ ಮೈಸೂರು ರೈಲಿಗೆ ಪಾರ್ಸೆಲ್. ಟಿಕೆಟ್ ನಾನೇ ತೆಗೆಸುತ್ತೇನೆ, ಬೇಕಾದರೆ ಕಿಟಕಿ ಪಕ್ಕದ್ದೇ.

ಅಕ್ಟೋಬರ್ 9, ಬುಧವಾರ

ಮೊಣಕೈ ನೇರಳೆಹಣ್ಣಿನ ಬಣ್ಣಕ್ಕೆ ಬಂದಿದೆ. ಅತ್ತೆ ಅರಿಶಿನ ಕಲಸಿ ಹಚ್ಚಿದರು. ಅರ್ಧ ಕೈಗೆ, ಅರ್ಧ ನೈಟಿಗೆ. ನೈಟಿ ಹೋಯಿತು.

ಆಫೀಸಿನಲ್ಲಿ ಪಕ್ಕದ ಸೀಟಿನ ಪಾವನಾ ಒಂದು ಉಪಾಯ ಹೇಳಿದಳು. ಹಿಂದಿನ ಕೆಂಪು ದೀಪ ಹಿಂದೆ ಬರುವವರಿಗೆ ಮಾತ್ರ ಕಾಣುತ್ತದೆ, ಪಕ್ಕದಿಂದ ನುಗ್ಗುವವನಿಗೆ ಕಾಣಬೇಕಾದರೆ ಚಕ್ರದ ಕಡ್ಡಿಗಳಿಗೆ ಬಣ್ಣದ ದೀಪದ ಸರ ಹೆಣೆಯಬೇಕಂತೆ.

"ಅದು ಮಕ್ಕಳು ಹಾಕ್ಕೊಳೋದಲ್ವೇನೇ?"

"ಹೌದು. ಮಕ್ಕಳು ಎಲ್ಲಾ ಕ್ಷೇಮವಾಗಿದಾರೆ. ಮೊಣಕೈ ಊದಿರೋದು ನಿಂದು."

ಅಕ್ಟೋಬರ್ 12, ಶನಿವಾರ

ನುಂಗಂಬಾಕ್ಕಂನ ಕಣ್ಣಾಸ್ಪತ್ರೆ. ಸುರೇಶನಿಗೆ ಈ ಶನಿವಾರವೂ ಡ್ಯೂಟಿ. ಅತ್ತೆಯ ಕೈ ಹಿಡಿದು, ಚೀಲ ಹಿಡಿದು, ಆ ಆಸ್ಪತ್ರೆ ಕಾರ್ಡು ಹಿಡಿದು ಮೂರು ಕೌಂಟರ್ ಸುತ್ತಿದೆ. ದಪ್ಪ ಪ್ಲಾಸ್ಟಿಕ್ ಕಾರ್ಡು, ಅದರ ಮೇಲೆ ರೆಪ್ಪೆಗಳಿರುವ ದೊಡ್ಡದೊಂದು ಕಣ್ಣು. ಎಲ್ಲಿಟ್ಟರೂ ನನ್ನನ್ನೇ ನೋಡುತ್ತದೆ, ಥೇಟ್ ಅತ್ತೆಯ ಹಾಗೆ.

ಪರೀಕ್ಷೆ ಮಾಡುವ ಕತ್ತಲೆ ಕೋಣೆಗೆ ಜೊತೆಯವರನ್ನು ಬಿಡುವುದಿಲ್ಲ. ಹೊರಗೆ ಕುಳಿತು ಸುರೇಶನಿಗೆ ಫೋನಿನಲ್ಲಿ ಬೈಯುತ್ತಿದ್ದೆ. ಒಳಗೆ ಡಾಕ್ಟರಮ್ಮ ಮೆಲ್ಲಗೆ ಏನೋ ಕೇಳುತ್ತಿದ್ದರು, ಅತ್ತೆ ಪ್ರತಿ ಸಲವೂ ದೊಡ್ಡ ದನಿಯಲ್ಲಿ "ಊಂ ಕನವ್ವ, ತೆರ್ದೈತೆ" ಎನ್ನುತ್ತಿದ್ದರು. ತೆರೆದದ್ದು ಬಾಯಿಯೇ ಇರಬೇಕು, ಅದು ಮುಚ್ಚಿದ್ದನ್ನು ನಾನು ಕಂಡಿಲ್ಲ. ಹೊರಗೆ ಬಂದ ಡಾಕ್ಟರಮ್ಮ, ಪಾಟಿಗೆ, ಅಂದರೆ ಅಜ್ಜಿಗೆ, ಸ್ವಲ್ಪ ಸುಧಾರಿಸುತ್ತಿರುವ ಹಾಗಿದೆ ಎಂದರು. ಪಾರ್ಸೆಲ್ ಕಟ್ಟುವ ದಿನ ದೂರವಿಲ್ಲ.

ಅಕ್ಟೋಬರ್ 15, ಮಂಗಳವಾರ

ಸೈಕಲ್ ಅಂಗಡಿಗೆ ಹೋಗಿ ನನ್ನ ಸ್ವಂತ ತಮಿಳಿನಲ್ಲಿ ಕೇಳಿದೆ: "ಅಣ್ಣಾ, ಸಕ್ಕರೈಕ್ಕು ಲೈಟ್ ಇರುಕ್ಕಾ?"

ಅವನು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಸಕ್ಕರೈನಾ ಎದಿರ್ಲ ಮೆಡಿಕಲ್ ಶಾಪ್ ಮಾ" ಎಂದ.

ಚಕ್ರಕ್ಕೆ ಇವರು ಸಕ್ಕರಂ ಎನ್ನುತ್ತಾರೆ, ಸಕ್ಕರೆಗೆ ಸಕ್ಕರೈ. ಕೊನೆಯಲ್ಲಿ ಬಾಯಿ ಮುಚ್ಚುವುದನ್ನು ಮರೆತರೆ ಸೈಕಲ್ಲಿಗೂ ಮಧುಮೇಹ. ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿದ ಮೇಲೆ ಅವನಿಗೆ ಗೊತ್ತಾಯಿತು. ಮುಂದಿನ ಚಕ್ರಕ್ಕೆ ಸರ ಹೆಣೆದುಕೊಟ್ಟ. ನಡುವೆ ಪುಟ್ಟ ಬ್ಯಾಟರಿ ಡಬ್ಬಿ, ಅದರ ಗುಂಡಿ ಒತ್ತಿದಂತೆ ಬಣ್ಣ ಬದಲಾಗುತ್ತದೆ.

ಸೈಕಲ್ಲನ್ನು ಹಿಂಗಾಲಿನ ಮೇಲೆ ನಿಲ್ಲಿಸಿಕೊಂಡು ಲಿಫ್ಟಿನಲ್ಲಿ ತಂದು, ಹಾಲಿನ ದೀಪ ಆರಿಸಿ, ಅತ್ತೆಯ ಮುಖದ ಹತ್ತಿರವೇ ಚಕ್ರ ತಿರುಗಿಸಿದೆ. ಅವರು ಕೈ ಚಾಚಿ ಮೆಲ್ಲಗೆ ಹ್ಯಾಂಡಲ್ ಮುಟ್ಟಿ ನೋಡಿದರು.

"ಇದೇನಮ್ಮಿ, ಆರ್ಕೇಸ್ಟ್ರಾದೋರ್ ಸೈಕಲ್ ತಂದಿದೀಯೆ?"

"ರಸ್ತೇಲಿ ಕಾಣ್ಲಿ ಅಂತ, ಅತ್ತೆ."

"ಲಾರಿಯೋರ್ಗೆ ಕಾಣ್ತದಾ?"

"ಚಂದ್ರನ ಮೇಲಿರೋರಿಗೂ ಕಾಣತ್ತೆ."

"ಚಂದ್ರನ್ ಮೇಲಿರೋರು ಲಾರಿ ಓಡುಸ್ತಾರಾ? ಲಾರಿಯೋರ್ಗೆ ಕಾಣ್ತದಾ, ಅದ್ನೇಳು."

ಕಾಣುತ್ತದೆ ಎಂದೆ. ಇನ್ನೂ ಸ್ವಲ್ಪ ಹೊತ್ತು ತಿರುಗಿಸು ಎಂದರು. ಸಾರು ಉಕ್ಕುತ್ತಿತ್ತು, ಆದರೂ ತಿರುಗಿಸಿದೆ.

ಅಕ್ಟೋಬರ್ 17, ಗುರುವಾರ

ಮಾನ ಹರಾಜಾಯಿತು. ಆಫೀಸಿನ ಗೇಟಿನಲ್ಲಿ ಸೆಕ್ಯುರಿಟಿಯವರು ಸೆಲ್ಫಿ ತೆಗೆಸಿಕೊಂಡರು. ಸಿಗ್ನಲ್ಲಿನಲ್ಲಿ ಷೇರ್ ಆಟೋದವರೆಲ್ಲ ಹಾರನ್ ಹೊಡೆದು ಕುಣಿದರು. ಮನೆಗೆ ಬಂದರೆ ಕೆಳಗೆ ಸುಜಯೀಂದ್ರ ರಾಯರು ನಿಂತಿದ್ದರು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ, ಮೂರು ತಲೆಮಾರಿನಿಂದ ಮದರಾಸಿನವರು. ಅವರ ಕನ್ನಡ ಕೇಳುವಾಗ ನನ್ನ ತಮಿಳಿನ ಬಗ್ಗೆ ನನಗೆ ಧೈರ್ಯ ಬರುತ್ತದೆ.

"ಏನಮ್ಮಾ ಇದು, ಸಾಕ್ಷಾತ್ ಚಕ್ಕರತ್ತಾಳ್ವಾರ್ ಮಾದಿರಿ ಸುತ್ತತ್ತೆ? ತೆರುವಿನ ನಾಯಿಗಳೆಲ್ಲ ಪಯಂದು ಓಡತ್ತೆ ನೋಡು!"

ಚಕ್ಕರತ್ತಾಳ್ವಾರ್ ಅಂದರೆ ವಿಷ್ಣುವಿನ ಸುದರ್ಶನ ಚಕ್ರ. ಬೀದಿ ನಾಯಿಗಳು ಹೆದರಿ ಓಡಿದ್ದಂತೂ ನಿಜ. ಇಷ್ಟು ದಿನ ಅವು ನನ್ನನ್ನು ಓಡಿಸುತ್ತಿದ್ದವು, ಇದೊಂದು ಲಾಭ. ಆದರೂ ಮೂವತ್ತಾರು ವಯಸ್ಸಿನಲ್ಲಿ ಈ ವೇಷ ಸಾಕೆನಿಸಿತು. ಊಟಕ್ಕೆ ಕುಳಿತಾಗ ಅತ್ತೆಗೆ ಹೇಳಿದೆ, ನಾಳೆ ಕಿತ್ತು ಹಾಕುತ್ತೇನೆ ಎಂದು. ಅವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಅವರು ಮುದ್ದೆ ಬಿಟ್ಟು ಎದ್ದದ್ದು ಈ ಮನೆಯಲ್ಲಿ ಇದೇ ಮೊದಲು.

ಅಕ್ಟೋಬರ್ 18, ಶುಕ್ರವಾರ

ಗೇಟಿನ ಹತ್ತಿರ ಇಳಿಯುವಷ್ಟರಲ್ಲಿ ಮೇಲಿನಿಂದ ಕೂಗು: "ಅಸ್ರು ಬಣ್ಣ ಬೋ ಚೆಂದಾಗ್ ಕಾಣ್ತು ಕನಮ್ಮಿ! ಆ ಮೂಲೇಲಿ ತಿರುಗ್ದಾಗ್ಲೇ ಕಂಡೆ!"

ನನ್ನ ದೀಪ ಹಸಿರೇ ಇತ್ತು. ಬೆಳಿಗ್ಗೆ ತಿಂಡಿ ಹೊತ್ತಿನಲ್ಲಿ ಯಾವ ಬಣ್ಣ ಎಂದು ಕೇಳಿದ್ದರು, ಹಸಿರು ಹಾಕುತ್ತೇನೆ ಎಂದಿದ್ದೆ, ಹಾಕಿದ್ದೆ. ಬೀದಿಯ ಮೂಲೆಯಿಂದ ಎರಡನೇ ಮಹಡಿಗೆ ಕಂಡಿದೆ ಅಂದರೆ ಸಾಮಾನ್ಯವೇ? ಅರಿಶಿನ ನೈಟಿಗೆ ಹಚ್ಚಿದ ಕಣ್ಣು ಅದು! ಕೂಡಲೇ ಸುರೇಶನಿಗೆ ಫೋನ್ ಮಾಡಿದೆ. ಅವನೂ ಖುಷಿಯಾದ. ನನ್ನ ಖುಷಿ ಪಾರ್ಸೆಲ್ಲಿನ ದಿನ ಹತ್ತಿರ ಬಂತಲ್ಲ ಎಂದು, ಬೇರೇನೂ ಅಲ್ಲ.

ದೀಪ ಇರಲಿ. ಮುದುಕಿಗೆ ಕಣ್ಣಿನ ವ್ಯಾಯಾಮವಾಗುತ್ತದೆ.

ಅಕ್ಟೋಬರ್ 25, ಶುಕ್ರವಾರ

ಈಗ ಇದೊಂದು ಆಟವಾಗಿದೆ. ಬೆಳಿಗ್ಗೆ ಅವರು "ಇವತ್ತು ಯಾವ್ದು ಆಕೀಯೆ?" ಎನ್ನುವುದು, ನಾನು ಹೇಳುವುದು, ಸಂಜೆ ಅವರು ಬಾಲ್ಕನಿಯಿಂದ ಒಪ್ಪಿಸುವುದು. ಸೋಮವಾರ ಹಳದಿ, ಮಂಗಳವಾರ ನೀಲಿ. ನಿನ್ನೆ ಎಲ್ಲಾ ಬಣ್ಣ ಒಟ್ಟಿಗೆ ಬಿಟ್ಟೆ, "ಕಾಮನ್‌ಬಿಲ್ಲು ಬಂದಂಗ್ ಬಂದೆ" ಎಂದರು. ನನ್ನನ್ನು ಕಾಮನಬಿಲ್ಲು ಎಂದವರು ಈವರೆಗೆ ಯಾರೂ ಇಲ್ಲ, ಮದುವೆಗೆ ಮುಂಚೆ ಸುರೇಶ ಕೂಡ.

ಇವತ್ತು ಮೀಟಿಂಗ್ ಬಿಟ್ಟು ಬೇಗ ಹೊರಟೆ. ತಲೆನೋವಿತ್ತು. ಇದ್ದಿರಬೇಕು.

ಅಕ್ಟೋಬರ್ 31, ಗುರುವಾರ, ದೀಪಾವಳಿ

ಸುರೇಶ ಬಂದಿದ್ದಾನೆ. ನನ್ನ ಸೈಕಲ್ ನೋಡಿ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ಚಕ್ಕುಲಿ ಮುರಿಯುತ್ತ, "ಅಪ್ಪನ ಸೈಕಲ್ಲಿಗೂ ಇಂಥದ್ದೊಂದು ಇದ್ದಿದ್ರೆ" ಎಂದ.

"ಯಾವ ಸೈಕಲ್ಲು?"

"ಆಕ್ಸಿಡೆಂಟ್ ಆಯ್ತಲ್ಲ, ಆ ಸೈಕಲ್ಲು. ಕಬ್ಬಿನ ಲಾರಿ. ಕತ್ಲಾಗಿತ್ತು, ಕಾಣ್ಲೇ ಇಲ್ಲ ಅಂದ ಡ್ರೈವರ್. ಅವ್ವ ಜಗಲಿ ಮೇಲೆ ಕಾಯ್ತಾ ಕೂತಿದ್ಲು."

ಮದುವೆಯಾಗಿ ಒಂಬತ್ತು ವರ್ಷ. ಮಾವ ಆಕ್ಸಿಡೆಂಟಿನಲ್ಲಿ ತೀರಿಕೊಂಡರು ಎಂದು ಗೊತ್ತಿತ್ತು. ಸೈಕಲ್ಲು ಎಂದು ಯಾರೂ ಹೇಳಿರಲಿಲ್ಲ. ಈ ಗಂಡಸರು ಮುಖ್ಯವಾದ ವಿಷಯವನ್ನು ಚಕ್ಕುಲಿಯ ಜೊತೆ ಮಾತ್ರ ಹೊರಗೆ ಬಿಡುತ್ತಾರೆ.

ಹಾಗೆಂದು ಬಾಲ್ಕನಿಯಲ್ಲಿ ಕೂರುವುದು ಸಿಐಡಿ ಕೆಲಸವಲ್ಲ ಎಂದೇನಲ್ಲ. ಅದೂ ಇದೆ. ಸ್ವಲ್ಪ.

ನವೆಂಬರ್ 8, ಶುಕ್ರವಾರ

ಆಫೀಸಿನಲ್ಲಿ ತಡವಾಯಿತು. ಮನೆಗೆ ಫೋನ್ ಮಾಡಿದರೆ ಎತ್ತಲಿಲ್ಲ. ಫೋನ್ ಹಾಲಿನಲ್ಲಿ, ಅತ್ತೆ ಬಾಲ್ಕನಿಯಲ್ಲಿ. ಮುದ್ದೆ ತಣ್ಣಗಾಗಿ ಕಲ್ಲಾಗಿತ್ತು. ತಿಂದಿರಲಿಲ್ಲ. ಸಕ್ಕರೆ ಕಾಯಿಲೆಯವರು ಹಸಿದುಕೊಂಡು ಕೂರಬಾರದು ಎಂದು ಚೆನ್ನಾಗಿ ಬೈದೆ. ಇನ್ನು ಮೇಲೆ ತಡವಾಗಿ ಬರುವುದಿಲ್ಲ ಎಂದೂ ಬೈಗುಳದ ನಡುವೆ ಎಲ್ಲೋ ಹೇಳಿದೆ.

ನವೆಂಬರ್ 16, ಶನಿವಾರ

ಇವತ್ತು ಕಣ್ಣಾಸ್ಪತ್ರೆಯಲ್ಲಿ ನರ್ಸ್ ರಜೆ. ಅತ್ತೆಯ ತಲೆ ಹಿಡಿದುಕೊಳ್ಳಲು ನನ್ನನ್ನೇ ಕತ್ತಲೆ ಕೋಣೆಗೆ ಕರೆದರು. ಡಾಕ್ಟರಮ್ಮ ಸಣ್ಣ ದೀಪ ಹಚ್ಚಿ, ಅತ್ತೆಯ ಮುಖದ ಎದುರು ಬೆರಳುಗಳನ್ನು ಹಿಡಿದು ಕೇಳಿದರು.

"ಪಾಟಿ, ತೆರಿಯುದಾ?"

ಅತ್ತೆ ಕಣ್ಣನ್ನು ಇಷ್ಟಗಲ ಅರಳಿಸಿ, "ಊಂ ಕನವ್ವ, ತೆರ್ದೈತೆ" ಎಂದರು.

ನನಗೆ ನಗು ಬಂತು. ಬಂದ ನಗು ಅರ್ಧದಲ್ಲೇ ನಿಂತಿತು.

"ಅತ್ತೆ, ಅವರು ಕೇಳ್ತಿರೋದು ಕಾಣ್ತದಾ ಅಂತ."

"ಅಂಗಾ? ನಾನು ಕಣ್ ತೆರ್ದಿದೀಯಾ ಅಂತ ಕೇಳ್ತಾವ್ರೆ ಅಂದ್ಕಂಡೆ. ಬಂದಾಗ್ಲೆಲ್ಲ ಅದ್ನೇ ಕೇಳ್ತಾರಲ್ಲ, ಇವ್ರಿಗೇನ್ ಕಣ್ಣಿಲ್ವಾ ಅಂತಿದ್ದೆ."

"ಕಾಣ್ತದಾ ಹಂಗಾದ್ರೆ?"

"ಏನ್ ಕಾಣ್ಬೇಕಾಗಿತ್ತು?"

ಡಾಕ್ಟರಮ್ಮನ ಬೆರಳುಗಳು ಅವರ ಮೂಗಿನ ಎದುರಿಗೇ ಇದ್ದವು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕುಳಿತು ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಚಿಕಿತ್ಸೆ ಕೊಟ್ಟದ್ದು ಯಂತ್ರ ತೆಗೆದ ಚಿತ್ರಗಳನ್ನು ನೋಡಿಯೇ, ಚಿಕಿತ್ಸೆಯಲ್ಲಿ ಏನೂ ಕೊರತೆಯಾಗಿಲ್ಲ. ಆದರೆ ಚಿತ್ರಗಳು ಮೊದಲಿನಿಂದಲೂ ಚೆನ್ನಾಗಿರಲಿಲ್ಲ. ಪಾಟಿಯೇ ಕಾಣುತ್ತದೆ ಎನ್ನುತ್ತಿದ್ದರಲ್ಲ, ಡಾಕ್ಟರಮ್ಮನಿಗೂ ಆಸೆ ಹುಟ್ಟಿತ್ತಂತೆ. ಇನ್ನು ಇಂಜೆಕ್ಷನ್ನಿನಿಂದ ನೋವಷ್ಟೇ, ಉಪಯೋಗವಿಲ್ಲ. ಇನ್ನು ಬರುವುದು ಬೇಡ.

ನಾನು ಜಗಳಕ್ಕೇ ನಿಂತೆ. ನನ್ನ ಸೈಕಲ್ಲಿನ ದೀಪ ಇವರಿಗೆ ಕಾಣುತ್ತದೆ, ಬೀದಿಯ ಮೂಲೆಯಿಂದ, ಬಣ್ಣ ಸಮೇತ! ನಿಮ್ಮ ಯಂತ್ರವೇ ಕೆಟ್ಟಿದೆ! ಡಾಕ್ಟರಮ್ಮ ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

"ಊಂ, ಕಾಣ್ತದೆ" ಎಂದರು, ಗೋಡೆಯ ಕಡೆ ಮುಖ ಮಾಡಿ.

ನೋಡಿ, ಹೇಳಲಿಲ್ಲವೇ? ಯಂತ್ರಗಳಿಗೆ ಏನು ಗೊತ್ತಾಗುತ್ತದೆ.

ನವೆಂಬರ್ 27, ಬುಧವಾರ

ಬೆಳಿಗ್ಗೆ ನೀಲಿ ಎಂದಿದ್ದೆ.

ಸಂಜೆ ಮಳೆ. ಸರ್ವಿಸ್ ರಸ್ತೆಯಲ್ಲಿ ಮೊಣಕಾಲವರೆಗೆ ನೀರು, ಬ್ಯಾಟರಿ ಡಬ್ಬಿಗೆ ನೀರು ಹೊಕ್ಕು ದೀಪ ಸತ್ತಿತು. ಕತ್ತಲಲ್ಲಿ ತಗಡಿನ ಬೇಲಿ ಹಿಡಿದು ಸೈಕಲ್ ತಳ್ಳಿಕೊಂಡೇ ಬಂದೆ. ಟ್ಯಾಂಕರುಗಳು ಹೋದಾಗೆಲ್ಲ ಒಂದು ಅಲೆ ಬಂದು ಸೊಂಟಕ್ಕೆ ಹೊಡೆಯುತ್ತಿತ್ತು. ಗೇಟಿನ ಹತ್ತಿರ ಬಂದಾಗ ಮೇಲಿನಿಂದ ಕೂಗು.

"ಬಂದ್ಯಾ! ನೀಲಿ ಬೋ ಚೆಂದಾಗ್ ಕಾಣ್ತು ಕನಮ್ಮಿ!"

ಅಲ್ಲೇ ನಿಂತೆ. ಮಳೆಯಲ್ಲಿ ಅಳುವುದು ಅನುಕೂಲ, ಯಾರಿಗೂ ತಿಳಿಯುವುದಿಲ್ಲ. ನಾನು ಅತ್ತೆನೆಂದಲ್ಲ, ಕಾಲಿಗೆ ಏನೋ ತಗುಲಿತ್ತು.

ಮೇಲೆ ಹೋದೆ. ಯಾರು, ಯಾವ ಸೊಸೆ, ಎರಡು ಚಿಲಕ, ಎಲ್ಲ ಮುಗಿಯಿತು.

"ಅತ್ತೆ, ಇವತ್ತು ದೀಪ ಉರೀತಾನೇ ಇರಲಿಲ್ಲ."

ಸಿಕ್ಕಿಬಿದ್ದವರ ಮುಖ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ತೋಳನ್ನು ತಡವಿ ಹಿಡಿದು, ಭುಜ, ಕೈ, ಮೊಣಕೈ ಎಲ್ಲ ಮುಟ್ಟಿ ನೋಡಿದರು.

"ಯಾಕ್ ಉರೀನಿಲ್ಲ? ದೀಪಿಲ್ದಂಗೆ ಬಂದ್ಯಾ? ಆ ಲಾರಿ ರಸ್ತೇಲಿ, ಈ ಕತ್ಲಲ್ಲಿ? ನಿಂಗೇನ್ ಬುದ್ಧಿಗಿದ್ಧಿ ಐತಾ?"

"ನಿಮಗೆ ಕಾಣೋದೇ ಇಲ್ವಾ?"

"ಅವತ್ ಮುಖದ್ ತವ ಇಡ್ದಿದ್ಯಲ್ಲ, ಆಗೊಂದೀಟು ಬೆಳ್ಳಗಾದಂಗಾಯ್ತು. ಮೇಲ್ಗಡೆಯಿಂದ ಏನೂ ಇಲ್ಲ. ಗೇಟ್ ತವ ಬಂದಾಗ ನಿನ್ ಚೈನ್ ಕವರು ಕಟಕಟ ಅಂತದೆ, ಅದು ಕೇಳ್ತದೆ."

"ಮತ್ತೆ ಯಾಕೆ ದಿನಾ ಸುಳ್ಳು ಹೇಳ್ತಿದ್ರಿ?"

"ಕಿತ್ತಾಕ್ತೀನಿ ಅಂದಲ್ಲ ನೀನು! ನಂಗ್ ಕಾಣ್ತದೆ ಅಂದ್ರೆ ಆಕ್ಕತೀಯೆ ಅಂತ ಅಂದೆ. ನಂಗ್ ಕಂಡ್ರೇನು, ಬುಟ್ರೇನು? ಲಾರಿಯೋನ್ಗೆ ಕಾಣ್ಬೇಕು."

ಒಲೆಯ ಮೇಲೆ ಬಿಸಿನೀರು ಇಟ್ಟಿದ್ದರು. ಸ್ನಾನ ಮಾಡಿದೆ. ಇನ್ನೇನೂ ಬರೆಯಲಾಗುವುದಿಲ್ಲ.

ನವೆಂಬರ್ 30, ಶನಿವಾರ

ಸುರೇಶ ಬಂದವನೇ ಫೋನ್ ತೆಗೆದು ತೋರಿಸಿದ. ಟ್ರೀಟ್‌ಮೆಂಟ್ ಮುಗಿಯಿತಲ್ಲ, ಮುಂದಿನ ಭಾನುವಾರ ಅವ್ವನನ್ನು ಅಣ್ಣನ ಮನೆಗೆ ಬಿಟ್ಟು ಬರುತ್ತಾನಂತೆ.

"ನೀನ್ ಹೇಳಿದ್ಯಲ್ಲ, ಕಿಟಕಿ ಪಕ್ಕದ ಸೀಟೇ ಸಿಕ್ತು."

"ಕಿಟಕಿ ಪಕ್ಕ ಕೂತು ಅವರೇನು ನೋಡ್ಬೇಕು?" ಎಂದು ಕಿರುಚಿದೆ. ನನಗೇ ಗಾಬರಿಯಾಗುವಷ್ಟು ಜೋರಾಗಿ.

ಆಮೇಲೆ ಸಮಾಧಾನವಾಗಿ ಕಾರಣಗಳನ್ನು ಹೇಳಿದೆ. ಅಣ್ಣನ ಮನೆಯಲ್ಲಿ ಬಚ್ಚಲು ಹಿತ್ತಲಿನಲ್ಲಿದೆ, ದಾರಿಯಲ್ಲಿ ಹಸು ಕಟ್ಟುತ್ತಾರೆ. ಇನ್ಸುಲಿನ್ ಚುಚ್ಚಲು ಓರಗಿತ್ತಿಗೆ ಕೈ ನಡುಗುತ್ತದೆ. ಇಲ್ಲಿ ಕಳ್ಳರ ಕಾಟ, ಎರಡೆರಡು ಚಿಲಕ ಹಾಕುವವರು ಮನೆಯಲ್ಲಿ ಒಬ್ಬರು ಇರಬೇಕು. ಎಲ್ಲ ಲೆಕ್ಕಾಚಾರದ ಮಾತು.

"ಪಾರ್ಸೆಲ್ ಮಾಡ್ತೀನಿ ಅಂತ ನೀನೇ ಅಂತಿದ್ಯಲ್ಲ?" ಎಂದ.

ನಾನು ಯಾವತ್ತೂ ಹಾಗೆ ಅಂದಿಲ್ಲ. ಈ ಮನುಷ್ಯ ಬಾಯಿಗೆ ಬಂದದ್ದು ಹೇಳುತ್ತಾನೆ.

ಕೊನೆಗೆ ತಾಯಿಯನ್ನೇ ಕೇಳಿದ. ಅತ್ತೆ ಅವರೆಕಾಳು ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. "ಇವ್ಳು ಬರೋಗಂಟ ಯಾರಾರ ಕಾಯ್ಕಂಡು ಕೂತಿರ್ಬೇಕಲ್ಲಪ್ಪ" ಎಂದರು. ಸುರೇಶ ಟಿಕೆಟ್ ರದ್ದು ಮಾಡಿದ.

ಡಿಸೆಂಬರ್ 4, ಬುಧವಾರ

ದೀಪಕ್ಕೆ ಹೊಸ ಬ್ಯಾಟರಿ ಡಬ್ಬಿ ಹಾಕಿಸಿ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದೇನೆ. ಮುಂದಿನ ಚಕ್ರ ಲಾರಿಯವನಿಗೆ.

ಹಿಂದಿನ ಚಕ್ರಕ್ಕೆ ಇವತ್ತು ಬೆಳಿಗ್ಗೆ ಬೇರೆ ವ್ಯವಸ್ಥೆ ಮಾಡಿದೆ. ಆಸ್ಪತ್ರೆಯ ಆ ಕಾರ್ಡು ಇನ್ನು ಯಾವ ಕೌಂಟರಿನಲ್ಲೂ ಬೇಕಾಗಿಲ್ಲ. ಬಟ್ಟೆ ಕ್ಲಿಪ್ಪಿನಿಂದ ಅದನ್ನು ಚಕ್ರದ ಪಕ್ಕದ ಕಂಬಿಗೆ ಕಚ್ಚಿಸಿ, ತುದಿ ಕಡ್ಡಿಗಳಿಗೆ ತಗುಲುವಂತೆ ಇಟ್ಟೆ. ಚಿಕ್ಕಂದಿ‌ನಲ್ಲಿ ಮೈಸೂರಿನಲ್ಲಿ ಇಸ್ಪೀಟ್ ಎಲೆ ಸಿಕ್ಕಿಸಿ ಬೀದಿಯವರ ನಿದ್ದೆ ಕೆಡಿಸುತ್ತಿದ್ದೆವು. ಆದರೆ ಅವು ಬೇಗ ಹರಿದುಹೋಗುತ್ತಿದ್ದವು. ಇದು ಗಟ್ಟಿ, ಪಟಪಟಪಟ ಎಂದು ಮೋಟಾರ್ ಬೈಕಿನಂತೆ ಬಡಿದುಕೊಳ್ಳುತ್ತದೆ. ಆ ದೊಡ್ಡ ಕಣ್ಣು ಕೊನೆಗೂ ಒಂದು ಉಪಯೋಗಕ್ಕೆ ಬಂತು.

ಸಂಜೆ ಮೂಲೆಯಲ್ಲಿ ತಿರುಗಿದೆನೋ ಇಲ್ಲವೋ, ಅಷ್ಟು ದೂರದಿಂದಲೇ ಅತ್ತೆಯ ದನಿ ಬೀದಿಗೆಲ್ಲ ಕೇಳಿಸಿತು.

"ಬ್ರೇಕೇ ಇಡೀನಿಲ್ಲ ನೀನು! ತಿರುವ್ನಲ್ಲಿ ಅಂಗಾ ಬರಾದು?"

ಇಷ್ಟು ದಿನ ಸಮಯವೊಂದೇ ಅವರ ಲೆಕ್ಕದಲ್ಲಿತ್ತು, ಈಗ ವೇಗವೂ ಸೇರಿತು. ನನ್ನ ತಲೆಯ ಮೇಲೆ ನಾನೇ ಎಳೆದುಕೊಂಡದ್ದು.

ಗೇಟಿನಲ್ಲಿ ಸುಜಯೀಂದ್ರ ರಾಯರು ಕಿವಿ ಮುಚ್ಚಿಕೊಂಡು ನಿಂತಿದ್ದರು. "ಏನಮ್ಮಾ, ಬೆಳಕು ಪೋದಾದು ಅಂತ ಈಗ ಸತ್ತಂ ಬೇರೆಯಾ? ಇಷ್ಟು ದೊಡ್ಡ ಸತ್ತಂ!"

ಪೋದಾದು ಅಂದರೆ ಸಾಲದು; ಸತ್ತಂ ಅಂದರೆ ಇವರಲ್ಲಿ ಸದ್ದು, ಗಲಾಟೆ. ಮೇಲಿನಿಂದ ಅತ್ತೆ ಗಾಬರಿಯಲ್ಲಿ ಎದ್ದು ನಿಂತರು.

"ಯಾರ್ ಸತ್ತೋರು? ನಮಿತಾ! ಯಾರ್ ಸತ್ತೋರು?"

"ಯಾರೂ ಸತ್ತಿಲ್ಲ ಅತ್ತೆ! ನಾನು ಬಂದೆ, ಅಷ್ಟೇ!"

ಅವರು ಕಂಬಿ ಹಿಡಿದು ನಿಂತಿದ್ದರು, ಮುಖ ನನ್ನ ಕಡೆಗಲ್ಲ, ಪಕ್ಕದ ಸೈಟಿನ ಹುಣಸೆಮರದ ಕಡೆಗಿತ್ತು. ಕೆಳಗೆ ನನ್ನ ಚಕ್ರ ನೀಲಿ, ಹಸಿರು, ಹಳದಿ ಎಲ್ಲ ಬಣ್ಣ ಬಿಡುತ್ತಿತ್ತು. ನಾನು ಕೈ ಬೀಸಿದೆ. ಬೀಸಿದ ಮೇಲೆ ಅದು ದಂಡ ಎಂದು ನೆನಪಾಗಿ, ರಾಯರು ಅಲ್ಲೇ ಇದ್ದರೂ ಲೆಕ್ಕಿಸದೆ ಕೂಗಿದೆ.

"ಪಾಟೀ, ತೆರಿಯುದಾ?"

"ತೆರ್ದೈತೆ, ಬಾರವ್ವ!" ಎಂದರು.

ಲಿಫ್ಟ್ ಕೆಟ್ಟಿತ್ತು, ಮೆಟ್ಟಿಲು ಹತ್ತಿ ಹೋದೆ. ಚಿಲಕ ಹಾಕಿರಲಿಲ್ಲ, ಬಾಗಿಲು ತೆರೆದೇ ಇತ್ತು.